ಸೇವೆಗೆಂದು ವಿದೇಶಕ್ಕೆ ಹೋಗುವ ಕುಟುಂಬದಲ್ಲಿ ಮಕ್ಕಳ ಪಾಲು

ಎಲ್ಲರಿಗೂ ವಂದನೆಗಳು. ಮಕ್ಕಳೊಂದಿಗೆ ವಿದೇಶದ ಸುವಾರ್ತಾ ಸೇವೆಗೆ, ಅಂದರೆ ಕ್ರೈಸ್ತ ಧರ್ಮಪ್ರಚಾರದ ಸೇವೆಗೆ ಹೊರಟಿರುವ ಸಹೋದರಿಯವರು ಸೇವೆಯ ನಡುವೆ ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ನಮ್ಮ ಗುಂಪಿನಲ್ಲಿ ಕೇಳಿದ್ದಾರೆ. ಈ ಪ್ರಶ್ನೆ, ನೌಕರಿಗಾಗಿ ವಿದೇಶಕ್ಕೆ ಬಂದು ನೆಲೆಸಿದ ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟಾಗಿ ಪರಿಚಯವಿಲ್ಲದ್ದು. ನಾವು ದಂಪತಿ ಈ ಸೇವೆಯಲ್ಲಿದ್ದುಕೊಂಡೇ ಮಕ್ಕಳನ್ನು ಬೆಳೆಸಿದವರಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೇವೆಯ ಕರೆ ಬಂದದ್ದು ತಂದೆತಾಯಿಯರಿಗೆ. ಮಕ್ಕಳನ್ನು ಯಾರೂ ಕೇಳಿರುವುದಿಲ್ಲ. ಆದ್ದರಿಂದ ದಿನದ ವೇಳೆಯಲ್ಲಿ ಮಕ್ಕಳ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಸೇವೆಗೆ ಕೊಡಬೇಕೇ ಹೊರತು, ಸೇವೆ ಮುಗಿದ ಮೇಲೆ ಉಳಿದದ್ದನ್ನು ಮಕ್ಕಳಿಗೆ ಕೊಡಬಾರದು.

ಹೊರಗಿನಿಂದ ನೋಡುವವರು ಮಿಷನರಿಯ ದಿನವೆಂದರೆ ಪ್ರಸಂಗ ಮತ್ತು ಪ್ರಾರ್ಥನೆ ಎಂದುಕೊಳ್ಳುತ್ತಾರೆ. ಮೊದಲ ಒಂದೆರಡು ವರ್ಷ ಬಹುಪಾಲು ಸಮಯ ಹೋಗುವುದು ಭಾಷೆ ಕಲಿಯುವುದರಲ್ಲಿ. ಬೆಳಗಿನ ಕುಟುಂಬ ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ನಾವೂ ವಿದ್ಯಾರ್ಥಿಗಳಂತೆ ಪುಸ್ತಕ ಹಿಡಿದು ಕೂರಬೇಕು. ಮಧ್ಯಾಹ್ನದಿಂದ ಮನೆಯ ಬಾಗಿಲು ತೆರೆದೇ ಇರುತ್ತದೆ. ಕಷ್ಟ ಹೇಳಿಕೊಳ್ಳುವವರು, ಕಾಗದಪತ್ರ ಓದಿಸಿಕೊಳ್ಳುವವರು, ಸುಮ್ಮನೆ ಮಾತನಾಡಲು ಬಂದವರು, ಹೀಗೆ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ಸಂಜೆ ಸತ್ಯವೇದ (ಬೈಬಲ್) ಅಧ್ಯಯನ, ರಾತ್ರಿ ದೂರದ ಬೆಂಬಲಿಗ ಸಭೆಗಳೊಂದಿಗೆ, ಅಂದರೆ ನಮ್ಮ ಸೇವೆಗೆ ನೆರವಾಗುವ ಚರ್ಚುಗಳೊಂದಿಗೆ, ವಿಡಿಯೋ ಕರೆ. ಇತರ ಮಕ್ಕಳಿಗೆ ಬಿಡುವು ಸಿಗುವ ಶನಿವಾರ ಮತ್ತು ಭಾನುವಾರಗಳೇ ನಮಗೆ ಕೆಲಸ ಹೆಚ್ಚಿರುವ ದಿನಗಳು. ಮಗು ಗುಣಾಕಾರದ ಲೆಕ್ಕ ಹೇಳಿಸಿಕೊಳ್ಳುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಗುತ್ತದೆ. ತಾಯಿ ಎದ್ದು ಹೋಗುತ್ತಾಳೆ, ಮಗು ಪೆನ್ಸಿಲ್ ಹಿಡಿದುಕೊಂಡೇ ಕಾಯುತ್ತದೆ. ಒಂದು ದಿನದ ಮಟ್ಟಿಗೆ ಇದು ದೊಡ್ಡ ವಿಷಯವಲ್ಲ, ಆದರೆ ವರ್ಷಗಟ್ಟಲೆ ಹೀಗೇ ನಡೆದರೆ ಬಂದವರೆಲ್ಲರೂ ತನಗಿಂತ ಮುಖ್ಯರು ಎಂಬುದು ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ವಾರದ ಒಂದು ಪೂರ್ಣ ದಿನ ಮತ್ತು ಪ್ರತಿದಿನ ಸಂಜೆಯ ನಿರ್ದಿಷ್ಟ ಸಮಯ ಮಕ್ಕಳದ್ದೆಂದು ಸಭೆಯವರಿಗೆ ಮೊದಲೇ ತಿಳಿಸಿಬಿಡಿ. ಅವರು ಅದನ್ನು ಗೌರವಿಸುತ್ತಾರೆ.

ಮಕ್ಕಳು ಹೊಸ ಭಾಷೆಯನ್ನು, ಅದರಲ್ಲೂ ಉಚ್ಚಾರಣೆಯನ್ನು, ನಮಗಿಂತ ಬೇಗ ಹಿಡಿಯುತ್ತಾರೆ. ಇದರಿಂದ ಸಂತೋಷವೂ ಆಗುತ್ತದೆ, ತೊಂದರೆಯೂ ಆಗುತ್ತದೆ. ಚಿಕಿತ್ಸಾಲಯದಲ್ಲಿ ವೈದ್ಯರು ತಾಯಿಯ ಕಾಯಿಲೆಯ ಬಗ್ಗೆ ಹೇಳುವುದನ್ನು ಎಂಟು ವರ್ಷದ ಮಗು ಮಧ್ಯೆ ನಿಂತು, ಅರ್ಥವಾಗದ ಪದ ಬಂದಲ್ಲಿ ತಡವರಿಸುತ್ತಾ, ಅಮ್ಮನ ಮುಖ ನೋಡಿಕೊಂಡು ತಿಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಯಿಲೆ, ಮನೆ ಬಾಡಿಗೆ, ವೀಸಾ ಈ ಮೂರು ವಿಷಯಗಳಲ್ಲಿ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಲೇಬಾರದು ಎಂಬುದು ನನ್ನ ದೃಢವಾದ ಮಾತು. ಎಷ್ಟೇ ಕಷ್ಟವಾದರೂ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇನ್ನು ಶಾಲೆಯ ವಿಚಾರ. ಇದಕ್ಕೆ ದೀರ್ಘವಾದ, ನೋವಿನ ಇತಿಹಾಸವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆಸರು ನಮ್ಮೆಲ್ಲರಿಗೂ ಗೊತ್ತು. ಆದರೆ ಆ ಮಿಷನರಿಗಳು ತಮ್ಮ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದಾಗ ಯೂರೋಪಿಗೆ ಕಳುಹಿಸಿಬಿಡುತ್ತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಂಥ ಮಕ್ಕಳಿಗೆಂದೇ 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಮಕ್ಕಳ ಮನೆಯನ್ನು ತೆರೆಯಲಾಯಿತು. 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ, ಮಿಷನರಿಯೊಬ್ಬರ ಮಗಳಾದ ಮಾರಿ ಗುಂಡರ್ಟ್ ಎಂಬಾಕೆಯನ್ನು ಚಿಕ್ಕಂದಿನಲ್ಲೇ ಯೂರೋಪಿನಲ್ಲಿ ಬಿಡಲಾಯಿತು. ಆಕೆ ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಸೂಯೆಜ್ ಕಾಲುವೆ ಇನ್ನೂ ತೆರೆಯದಿದ್ದ ಆ ಕಾಲದಲ್ಲಿ ಮಗುವಿನ ಪತ್ರ ತಾಯಿಯ ಕೈಸೇರುವ ಹೊತ್ತಿಗೆ ಅದರಲ್ಲಿನ ಸುದ್ದಿ ಎಷ್ಟೋ ಹಳತಾಗಿರುತ್ತಿತ್ತು. ಆ ತಂದೆತಾಯಿಯರ ತ್ಯಾಗವನ್ನು ಹೊಗಳುವವರು ಬಹಳ ಮಂದಿ. ಬೆಲೆ ತೆತ್ತ ಮಕ್ಕಳನ್ನು ನೆನೆಯುವವರು ಕಡಿಮೆ.

ಮುಂದೆ ಸೇವೆಯ ಸ್ಥಳಕ್ಕೆ ಹತ್ತಿರದಲ್ಲೇ ವಸತಿಶಾಲೆಗಳು ಬಂದವು. ಚೀನಾದ ಯಾಂಟೈನಲ್ಲಿ 1881ರಲ್ಲಿ ಚೀಫೂ ಶಾಲೆ, ಕೊಡೈಕೆನಾಲಿನಲ್ಲಿ 1901ರಲ್ಲಿ ಅಮೆರಿಕನ್ ಮಿಷನರಿಗಳ ಮಕ್ಕಳಿಗಾಗಿ ಒಂದು ಶಾಲೆ, ಕೀನ್ಯಾದ ಕಿಜಾಬೆಯಲ್ಲಿ 1906ರಲ್ಲಿ ರಿಫ್ಟ್ ವ್ಯಾಲಿ ಅಕಾಡೆಮಿ ಆರಂಭವಾದವು. ಒಳ್ಳೆಯ ಶಿಕ್ಷಣ ದೊರೆಯಿತು, ನಿಜ. ಆದರೆ ಎರಡನೆಯ ಮಹಾಯುದ್ಧದಲ್ಲಿ ಚೀಫೂ ಶಾಲೆಯ ಮಕ್ಕಳನ್ನು ಜಪಾನಿನ ಸೇನೆ ವಶಕ್ಕೆ ತೆಗೆದುಕೊಂಡು 1943ರಲ್ಲಿ ಚೀನಾದಲ್ಲೇ ಇದ್ದ ವೇಯ್ಶೆನ್ ಬಂಧನ ಶಿಬಿರಕ್ಕೆ ಸಾಗಿಸಿದಾಗ, ಬಿಡುಗಡೆಯಾದ 1945ರ ಆಗಸ್ಟ್‌ವರೆಗೂ ಅವರಲ್ಲಿ ಅನೇಕರ ತಂದೆತಾಯಿಯರು ಬೇರೆಲ್ಲೋ ಉಳಿದಿದ್ದರು. ಇಂದು ವಸತಿಶಾಲೆಯೊಂದೇ ದಾರಿಯಲ್ಲ. ಸ್ಥಳೀಯ ಶಾಲೆ, ಮನೆಪಾಠ, ಆನ್‌ಲೈನ್ ತರಗತಿ ಎಲ್ಲವೂ ಇವೆ. ಚಿಕ್ಕ ಮಕ್ಕಳನ್ನು ಸ್ಥಳೀಯ ಶಾಲೆಗೇ ಸೇರಿಸಿ ಎಂದು ನಾನು ಹೇಳುತ್ತೇನೆ, ಏಕೆಂದರೆ ನೆರೆಯ ಮಕ್ಕಳ ಗೆಳೆತನ ಅಲ್ಲೇ ಸಿಗುತ್ತದೆ. ಪ್ರೌಢಶಾಲೆಯ ನಡುವೆ ದೇಶ ಬದಲಿಸುವುದನ್ನು ಮಾತ್ರ ಆದಷ್ಟು ತಪ್ಪಿಸಿ.

ಬೆಂಬಲಿಗ ಸಭೆಗಳಿಗೆ ಕಳುಹಿಸುವ ಪ್ರಾರ್ಥನಾ ಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಇದನ್ನು ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಸೇವೆಯ ಖರ್ಚು ಬಹುತೇಕ ಆ ಸಭೆಗಳ ಕಾಣಿಕೆಯಿಂದಲೇ ನಡೆಯುವುದರಿಂದ ಪತ್ರದಲ್ಲಿ ಮನೆಯ ಸುದ್ದಿ ಇರಲೇಬೇಕಾಗುತ್ತದೆ. ಆದರೆ ಮಗಳಿಗೆ ಶಾಲೆಯಲ್ಲಿ ಗೆಳತಿಯರಿಲ್ಲ, ಮಗ ರಾತ್ರಿ ಹೆದರುತ್ತಾನೆ ಎಂಬುದನ್ನು ನೂರಾರು ಜನ ಓದುವ ಪತ್ರದಲ್ಲಿ ಪ್ರಾರ್ಥನಾ ವಿಷಯವಾಗಿ ಬರೆದರೆ, ಮುಂದೆ ರಜೆಯಲ್ಲಿ ಸ್ವದೇಶಕ್ಕೆ ಹೋದಾಗ ಅಪರಿಚಿತರು ಬಂದು ಆ ಮಗುವನ್ನೇ ವಿಚಾರಿಸುತ್ತಾರೆ. ಬರೆಯುವ ಮೊದಲು ಮಗುವನ್ನು ಕೇಳಿ, ಬೇಡವೆಂದರೆ ಬರೆಯಬೇಡಿ. ಧರ್ಮಪ್ರಚಾರಕ್ಕೆ ನಿರ್ಬಂಧವಿರುವ ದೇಶಗಳಲ್ಲಿ ಮಕ್ಕಳ ಹೆಸರು ಮತ್ತು ಚಿತ್ರಗಳನ್ನು ಹಾಕಲೇಬಾರದು.

ರಜೆಯೂ ಮಕ್ಕಳಿಗೆ ವಿಶ್ರಾಂತಿಯಲ್ಲ. ನಮಗದು ಮನೆಗೆ ಮರಳುವುದು. ಅವರಿಗೆ ಮತ್ತೊಂದು ಹೊಸ ಜಾಗ, ಪ್ರತಿ ಭಾನುವಾರ ಹೊಸ ಸಭೆ, ವೇದಿಕೆಯ ಮೇಲೆ ನಿಂತು ಆ ದೇಶದ ಭಾಷೆಯಲ್ಲಿ ಒಂದು ಹಾಡು. ಎರಡೂ ಕಡೆಗೆ ಸೇರಿದರೂ ಯಾವ ಕಡೆಗೂ ಪೂರ್ತಿಯಾಗಿ ಸೇರದ ಇಂಥ ಮಕ್ಕಳನ್ನು 'ಮೂರನೆಯ ಸಂಸ್ಕೃತಿಯ ಮಕ್ಕಳು' ಎಂದು ಗುರುತಿಸಿದವರು ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್. 1950ರ ದಶಕದಲ್ಲಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರ ಬದುಕನ್ನು ಅಧ್ಯಯನ ಮಾಡುವಾಗ ಅವರಿಗೆ ಇದು ಹೊಳೆಯಿತು. ನಮ್ಮ ಗುಂಪಿನ ನೌಕರಿಯ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಆದರೆ ಮಿಷನರಿಯ ಮಗುವಿಗೆ ಇನ್ನೊಂದು ಭಾರವಿದೆ: ಬೇಸರವಾಗಿದೆ ಎಂದರೆ ತಂದೆತಾಯಿಯರ ಸೇವೆಗೆ ಮಾತ್ರವಲ್ಲ, ದೇವರಿಗೂ ಎದುರಾಡಿದಂತಾಗುತ್ತದೆ ಎಂದು ಅದು ಹೆದರುತ್ತದೆ. ಬೇಸರಪಡಲು ಅದಕ್ಕೆ ಅಪ್ಪಣೆ ಇದೆ ಎಂದು ಬಾಯಿಬಿಟ್ಟು ಹೇಳಿ.

ಸಹೋದರಿಯವರೇ, ಕಳುಹಿಸುವ ಸಂಸ್ಥೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ಮಕ್ಕಳ ಶಿಕ್ಷಣದ ಖರ್ಚು ಯಾರದ್ದು, ರಜೆಯನ್ನು ಅವರ ಪರೀಕ್ಷೆಗಳಿಗೆ ಹೊಂದಿಸಿಕೊಳ್ಳಬಹುದೇ, ವೀಸಾದ ಅವಧಿ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಿ. ಉದಾಹರಣೆಗೆ ಅಮೆರಿಕದ ಆರ್-1 ಧಾರ್ಮಿಕ ಸೇವಾ ವೀಸಾದಲ್ಲಿ ಗರಿಷ್ಠ 5 ವರ್ಷ ಮಾತ್ರ ಇರಬಹುದು, ಅವಲಂಬಿತರ ಆರ್-2 ವೀಸಾದಲ್ಲಿ ಪತಿ ಅಥವಾ ಪತ್ನಿ ಕೆಲಸ ಮಾಡುವಂತಿಲ್ಲ. ಆದ್ದರಿಂದ ಮಗು ಯಾವ ತರಗತಿಯಲ್ಲಿರುವಾಗ ಆ ಅವಧಿ ಮುಗಿಯುತ್ತದೆ ಎಂಬುದನ್ನು ಈಗಲೇ ಲೆಕ್ಕ ಹಾಕಿಕೊಳ್ಳಿ. ನೀವು ಹೋಗುವ ದೇಶ ಯಾವುದೆಂದು ತಿಳಿಸಿದರೆ, ಅಲ್ಲಿಯೇ ಬೆಳೆದು ದೊಡ್ಡವರಾಗಿರುವ ಮಿಷನರಿ ಮಕ್ಕಳ ಜೊತೆ ನಿಮ್ಮ ಮಕ್ಕಳು ಮಾತನಾಡುವಂತೆ ನಾನು ಏರ್ಪಾಡು ಮಾಡುತ್ತೇನೆ.