ಶಿಕಾಗೋ, ಲಂಡನ್ನಿನಲ್ಲಿ ಹಳೇ ಸೋಲ್ (soul) ಸಂಗೀತದ ರೆಕಾರ್ಡು ಹುಡುಕೋದು ಹೆಂಗೆ?

ಪಿಜೆ_ಬಡಾವಣೆ
ಮುಂದಿನ ತಿಂಗಳು ಕಂಪನಿ ಕೆಲಸಕ್ಕೆ ಶಿಕಾಗೋ, ಅಲ್ಲಿಂದ ಲಂಡನ್. ಎರಡೂ ಕಡೆ ಒಂದೊಂದು ಶನಿವಾರ ಬಿಡುವು ಐತಿ. ಸೋಲ್ ಅಂದ್ರೆ ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ; ಅದರ 60-70ರ ದಶಕದ ಸ್ಟ್ಯಾಕ್ಸ್, ಮೋಟೌನ್, ಹೈ ಅನ್ನೋ ರೆಕಾರ್ಡು ಕಂಪನಿಗಳ ಮೂಲ ಪ್ರತಿ ಬೇಕು. ದಾವಣಗೆರೆಗೆ ಆನ್‌ಲೈನಲ್ಲಿ ತರಿಸಿದ್ರೆ ಬರೋದು ಹೊಸ ಮುದ್ರಣನೇ. ಅಂಗಡೀಲಿ ನಿಂತು ಗುರುತು ಹಿಡಿಯೋದು ಹೆಂಗೆ? ತರುವಾಗ ಏನು ಜೋಪಾನ ಮಾಡ್ಬೇಕು?

ದುರ್ಗ_45
ಶಿಕಾಗೋದಲ್ಲಿ ಆಶ್‌ಲ್ಯಾಂಡ್ ಅವೆನ್ಯೂದ ಡಸ್ಟಿ ಗ್ರೂವ್ ಅಂಗಡಿ. ಲಂಡನ್ನಿನಲ್ಲಿ ಸೋಹೋದ ಸೌಂಡ್ಸ್ ಆಫ್ ದಿ ಯೂನಿವರ್ಸ್, ಪೋರ್ಟೊಬೆಲ್ಲೋ ರಸ್ತೆಯ ಹಾನೆಸ್ಟ್ ಜಾನ್ಸ್.

ಪಟ್ಟಿ ಮಾಡ್ಕೊಂಡು ಹೋಗಿ, ಆದ್ರೆ ಮೊದಲ ಒಂದು ಗಂಟೆ ಅದು ಜೇಬಲ್ಲೇ ಇರಲಿ. ಹೊಸದಾಗಿ ಬಂದ ಮಾಲಿನ ಡಬ್ಬಿಯಿಂದ ಶುರು ಮಾಡಿ, ಒಂದೊಂದೇ ಮಗುಚುತ್ತಾ ಹೋಗಿ. ಕೇಳೇ ಇರದ ಹೆಸರಿನ ಮುಂದೆ ಬೆರಳು ನಿಲ್ಲುತ್ತಲ್ಲ, ಅದಕ್ಕೇ ಅಷ್ಟು ದೂರದ ಅಂಗಡಿಗೆ ಹೋಗಬೇಕು. ಕವರಿನ ಹಿಂಬದಿ ಓದಿ. ನಿರ್ಮಾಪಕ ವಿಲ್ಲಿ ಮಿಚೆಲ್ ಅಂತ ಕಂಡ್ರೆ, ಹಾಡಿದವರು ಯಾರೇ ಆಗಿರಲಿ, ತೆಗೆದು ನೋಡಿ. ಅಲ್ ಗ್ರೀನ್, ಆನ್ ಪೀಬಲ್ಸ್ ಇಬ್ಬರು ಗಾಯಕರ ಹೈ ರೆಕಾರ್ಡುಗಳಿಗೂ ಅವರದೇ ಕೈ.

ಮೂಲ ಪ್ರತಿಗೆ ರೆಕಾರ್ಡಿನ ನಡುವಿನ ಕಾಗದದ ಲೇಬಲ್ಲೇ ಸಾಕ್ಷಿ. ಸ್ಟ್ಯಾಕ್ಸ್ ನೀಲಿ ಲೇಬಲ್ ಅಟ್ಲಾಂಟಿಕ್ ಅನ್ನೋ ದೊಡ್ಡ ರೆಕಾರ್ಡು ಕಂಪನಿ ವಿತರಿಸುತ್ತಿದ್ದ ಕಾಲದ್ದು. 1968ರಲ್ಲಿ ಆ ನಂಟು ಕಡಿದ ಮೇಲೆ ಚಿಟಿಕೆ ಹೊಡೆಯೋ ಬೆರಳಿನ ಗುರುತು ಬಂತು. ಅಟ್ಲಾಂಟಿಕ್ ಎಲ್‌ಪಿಯ (12 ಇಂಚಿನ ದೊಡ್ಡ ರೆಕಾರ್ಡು) ಲೇಬಲ್ ಅಂಚಲ್ಲಿ 75 ರಾಕ್‌ಫೆಲರ್ ಪ್ಲಾಜಾ ವಿಳಾಸ ಇದ್ರೆ ಅದು 70ರ ದಶಕದ ನಡುವಿನಿಂದ ಈಚಿನ ಮುದ್ರಣ, 60ರ ಹಾಡಿದ್ದರೂ ಮೂಲ ಪ್ರತಿ ಅಲ್ಲ. ಆಮೇಲೆ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆಯನ್ನ ಬೆಳಕಿಗೆ ಓರೆಯಾಗಿ ಹಿಡಿದು ಓದಿ, ರೆಕಾರ್ಡುಗಳ ಮಾಹಿತಿ ಇರೋ ಡಿಸ್ಕಾಗ್ಸ್ ಆ್ಯಪಲ್ಲಿ ತಾಳೆ ನೋಡಿ. ಅಲ್ಲೇ ಹಿಂದೆ ಮಾರಿದ ಬೆಲೆನೂ ಸಿಗುತ್ತೆ.

ಅಮೆರಿಕದ 7 ಇಂಚಿನ 45ಗಳಲ್ಲಿ (ನಿಮಿಷಕ್ಕೆ 45 ಸುತ್ತು ತಿರುಗೋ ಚಿಕ್ಕ ರೆಕಾರ್ಡು) ವಿನೈಲ್ ಬದಲು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು ಬಹಳ. ಲೇಬಲ್ ಅಚ್ಚಿನಲ್ಲಿ ಸೇರಿರದೆ ಮೇಲೆ ಅಂಟಿಸಿದಂತಿರುತ್ತೆ. ಬೇಗ ಸವೆಯುತ್ತೆ. ಗೆರೆ ಬೆಳ್ಳಗೆ ಮಂಕಾಗಿದ್ರೆ, ಎಷ್ಟೇ ತೊಳೆದ್ರೂ ಸರಸರ ಸದ್ದು ಹೋಗಲ್ಲ, ಬಿಟ್ಟುಬಿಡಿ. ನಡುವಿನ ತೂತು 38 ಮಿಮೀ, ಅಡಾಪ್ಟರ್ ಅಲ್ಲೇ ಕೌಂಟರಲ್ಲಿ ತಗೊಳ್ಳಿ.

ಹರಿಹರ_ಹೊಳೆಸಾಲು
ದರ್ಜೆ ನೋಡಿ ಮೋಸ ಹೋಗಬ್ಯಾಡ್ರಿ. ‘ಗುಡ್’ ಅಂದ್ರೆ ಅಲ್ಲಿ ಕಳಪೆ ಅಂತಲೇ ಲೆಕ್ಕ. ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ದರ್ಜೆಗಿಂತ ಕೆಳಗಿಂದು ಅಪರೂಪದ್ದಾದ್ರೆ ಮಾತ್ರ ತಗೋರಿ. ಅಂಗಡಿಯವರನ್ನ ಕೇಳಿ ಕವರಿಂದ ತೆಗೀರಿ, ಅಂಚು ಮತ್ತು ಲೇಬಲ್ ಬಿಟ್ಟು ಎಲ್ಲೂ ಬೆರಳು ತಾಗಬಾರ್ದು. ಗೀರು ಉಗುರಿಗೆ ಸಿಕ್ಕಿದ್ರೆ ಟಕ್ ಟಕ್ ಗ್ಯಾರಂಟಿ: ಎಲ್‌ಪಿಯಲ್ಲಿ 1.8 ಸೆಕೆಂಡಿಗೊಮ್ಮೆ ಬರ್ತದ. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದ್ರ ಸೊಟ್ಟ ಆಗೇತೋ ಇಲ್ಲೋ ತಿಳೀತದ. ಕೇಳೋಕೆ ಪ್ಲೇಯರ್ ಇಟ್ಟಿದ್ರೆ ಮುಳ್ಳನ್ನ ಸನ್ನೆಗೋಲಿಂದಲೇ ಎತ್ರಿ, ಕೈಯಿಂದ ಬ್ಯಾಡ.

ತರೋದಂದ್ರ, ಕವರ್ ಸಮೇತ ಒಂದು ಎಲ್‌ಪಿ ಸುಮಾರು 250 ಗ್ರಾಂ. ಇಪ್ಪತ್ತಕ್ಕೆ 5 ಕೆಜಿ, ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 7-8. ರೆಕಾರ್ಡನ್ನ ಒಳಚೀಲದ ಜೊತೆ ಕವರಿನ ಹೊರಗೆ ತೆಗೆದು, ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕ್ರಿ. ಒಳಗೇ ಬಿಟ್ರೆ ಬ್ಯಾಗ್ ಕುಕ್ಕಿದಾಗ ಅಂಚು ಕವರಿನ ಹೊಲಿಗೆ ಸೀಳ್ತದ. ಬಿಲ್ ಎಲ್ಲಾ ಇಟ್ಕೋರಿ, ಕಸ್ಟಮ್ಸ್‌ನಾಗ ಕೇಳಬಹುದು. ಬೆಂಗಳೂರಿಂದ ಕಾರಲ್ಲಿ ಬರೋವಾಗ ಊಟಕ್ಕೆ ಇಳಿದ್ರೂ ಬ್ಯಾಗ್ ಜೊತೆಗೇ ಇರ್ಲಿ. ಬಿಸಿಲಿಗೆ ಮುಚ್ಚಿದ ಕಾರಿನೊಳಗೆ 60 ಡಿಗ್ರಿ ಏರಿದ್ರೆ ವಿನೈಲ್ ಮೆತ್ತಗಾಗ್ತದ.

ಪಿಜೆ_ಬಡಾವಣೆ
ಇಬ್ಬರಿಗೂ ಧನ್ಯವಾದ. ಫೋಟೋಗಳಲ್ಲಿ ಕೆಲವು ಕವರಿನ ಮೂಲೆ ಕತ್ತರಿಸಿರ್ತದಲ್ಲ, ಅದು ಹಾಳಾದ ಮಾಲಾ?

ದುರ್ಗ_45
ಅಲ್ಲ. ಮಾರಾಟವಾಗದೆ ಉಳಿದದ್ದನ್ನ ಕಂಪನಿ ಅಗ್ಗಕ್ಕೆ ಬಿಡುವಾಗ ಹಾಕೋ ಗುರುತು ಅದು. ಕೆಲವಕ್ಕೆ ಮೂಲೆ ಕಡೀತಾರೆ, ಕೆಲವಕ್ಕೆ ತೂತು ಹೊಡೀತಾರೆ. ಹಾಡಿಗೆ ಏನೂ ಆಗಿರಲ್ಲ, ಬೆಲೆ ಮಾತ್ರ ಕಡಿಮೆ. ಧೈರ್ಯವಾಗಿ ತಗೊಳ್ಳಿ.