ದೊಡ್ಡವರಾದ ಮೇಲೆ ಹಾರ್ನ್ ಕ್ಯಾಂಪ್: ತುಟಿ ವಾರಪೂರ್ತಿ ತಡೆಯಬೇಕಾದರೆ ತಯಾರಿ ಹೇಗೆ?

ಚಾರ್ಲ್ಸ್‌ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಕಡೆ, ಲೈಮನ್‌ನ ಕ್ಯಾಂಪ್ ಓಗೊಂಟ್ಸ್‌ನಲ್ಲಿ ಜೂನ್ ತಿಂಗಳಲ್ಲಿ ನಡೆಯುವ ಕೆಂಡಲ್ ಬೆಟ್ಸ್ ಹಾರ್ನ್ ಕ್ಯಾಂಪ್‌ಗೆ (ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆ ಊದುವಾದ್ಯದವರ ಶಿಬಿರ) ಒಂದು ವಾರ ಹೋಗಬೇಕೆಂದಿದ್ದೇನೆ. ಬಾಸ್ಟನ್‌ನಿಂದ ಕಾರಿನಲ್ಲಿ. ವಯಸ್ಸು ಐವತ್ತು ದಾಟಿದೆ, ಹವ್ಯಾಸಿ. ನನ್ನದು ಎಫ್ ಮತ್ತು ಬಿ ಫ್ಲ್ಯಾಟ್ ಡಬಲ್ ಹಾರ್ನ್ (ಎರಡು ಶ್ರುತಿಯ ಕೊಳವೆಗಳು ಒಂದರಲ್ಲೇ ಇರುವುದು), ಊರಿನ ಆರ್ಕೆಸ್ಟ್ರಾದಲ್ಲಿ ಮೂರನೇ ಹಾರ್ನ್. ಈಗ ದಿನಕ್ಕೆ ಮುಕ್ಕಾಲು ಗಂಟೆ ಊದುತ್ತೇನೆ, ಕ್ಯಾಂಪ್‌ಗೆ ಎಂಟು ವಾರ ಇದೆ. ತುಟಿ ವಾರಪೂರ್ತಿ ತಡೆಯುವಂತೆ ಅಭ್ಯಾಸ ಹೇಗೆ ಏರಿಸಬೇಕು? ಪಿಯಾನೋ ಜೊತೆ ನುಡಿಸಲು ಯಾವ ಕೃತಿ ಒಯ್ದರೆ ಒಳ್ಳೆಯದು? ಪೆಟ್ಟಿಗೆಯಲ್ಲಿ ಏನೇನಿರಬೇಕು? ನಾನು ಸಸ್ಯಾಹಾರಿ, ಊಟದ ಬಗ್ಗೆಯೂ ಗೊತ್ತಿದ್ದವರು ಹೇಳಿ.

ಮಂದ್ರಸ್ಥಾಯಿ:

ಮೊದಲ ಪ್ರಶ್ನೆಯೇ ಮುಖ್ಯವಾದದ್ದು. ಇಂಥ ಕ್ಯಾಂಪ್‌ಗಳಲ್ಲಿ ಬೆಳಗಿನ ವಾರ್ಮ್‌ಅಪ್, ಮಾಸ್ಟರ್‌ಕ್ಲಾಸ್ (ಎಲ್ಲರೆದುರು ಒಬ್ಬರಿಗೆ ಪಾಠ), ಖಾಸಗಿ ಪಾಠ, ಹಾರ್ನ್ ಎನ್ಸೆಂಬಲ್ (ಗುಂಪು ವಾದನ), ರಾತ್ರಿ ನಾಲ್ಕಾರು ಜನ ಸೇರಿ ಸುಮ್ಮನೆ ಓದಿ ನುಡಿಸುವುದು, ಎಲ್ಲ ಸೇರಿದರೆ ದಿನಕ್ಕೆ ನಾಲ್ಕೈದು ಗಂಟೆ ಮೌತ್‌ಪೀಸ್ ತುಟಿಯ ಮೇಲೇ ಇರುತ್ತೆ. ಮುಕ್ಕಾಲು ಗಂಟೆಗೆ ಒಗ್ಗಿದ ತುಟಿ ಮೊದಲೆರಡು ದಿನ ಹುಮ್ಮಸ್ಸಿನಲ್ಲಿ ತಡೆದು, ಮೂರನೇ ದಿನ ಕೈಕೊಡುತ್ತೆ. ಬಾಯಿ ಸುತ್ತಲಿನ ಸ್ನಾಯು ದಣಿದಾಗ ನಮಗೇ ಗೊತ್ತಿಲ್ಲದೆ ಎಡಗೈ ಹಾರ್ನನ್ನು ಮುಖಕ್ಕೆ ಒತ್ತುತ್ತೆ. ಒತ್ತಿದಷ್ಟೂ ರಕ್ತ ಓಡಾಟ ಕಡಿಮೆ, ತುಟಿ ಬಾವು ಜಾಸ್ತಿ. ಮರುದಿನ ಬೆಳಗ್ಗೆ ಜೋರಾದ ಸ್ವರಗಳೆಲ್ಲ ಸರಿಯಾಗೇ ಬರುತ್ತವೆ, ಮೆತ್ತಗಿನವು ಮಾತ್ರ ಹುಟ್ಟುವುದಿಲ್ಲ.

ಹಾಗಾಗಿ ಒಂದೇ ಕೂರಿಕೆಯನ್ನು ಉದ್ದ ಮಾಡಬೇಡಿ, ಕೂರಿಕೆಗಳ ಸಂಖ್ಯೆ ಹೆಚ್ಚಿಸಿ. ಮೊದಲ ಎರಡು ವಾರ ಬೆಳಗ್ಗೆ 25 ನಿಮಿಷ, ಸಂಜೆ 25 ನಿಮಿಷ. ಮೂರು, ನಾಲ್ಕನೇ ವಾರ ದಿನಕ್ಕೆ ಮೂರು ಸಲ, 25 ನಿಮಿಷದಂತೆ. ಐದು, ಆರನೇ ವಾರ ಅದನ್ನೇ 35 ನಿಮಿಷಕ್ಕೆ ಏರಿಸಿ. ಏಳನೇ ವಾರ ಎರಡು ದಿನ ಮಾತ್ರ ಕ್ಯಾಂಪ್ ದಿನದ ಹಾಗೇ ಮಾಡಿ: ನಾಲ್ಕು ಸಲ 40 ನಿಮಿಷ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು, ಮರುದಿನ ಬರೀ ಹಗುರ ಅಭ್ಯಾಸ. ಕೊನೆಯ ವಾರ ಅರ್ಧಕ್ಕೆ ಇಳಿಸಿ. ಕ್ಯಾಂಪ್ ಹತ್ತಿರ ಬಂತೆಂದು ಕೊನೇ ವಾರದಲ್ಲಿ ಸಿಕ್ಕಾಪಟ್ಟೆ ಊದುವವರು ಸೋತ ತುಟಿ ಹೊತ್ತೇ ಅಲ್ಲಿಗೆ ಹೋಗಿ ಇಳಿಯುತ್ತಾರೆ.

ಪ್ರತಿ ಕೂರಿಕೆಯೊಳಗೂ ಊದಿದಷ್ಟೇ ಹೊತ್ತು ವಿರಾಮ. ಎರಡು ನಿಮಿಷ ಊದಿದರೆ ಎರಡು ನಿಮಿಷ ಹಾರ್ನ್ ತೊಡೆಯ ಮೇಲೆ. ಆ ಹೊತ್ತಿನಲ್ಲಿ ಮುಂದಿನ ಸಾಲನ್ನು ಬಾಯಲ್ಲಿ ಹಾಡಿಕೊಳ್ಳಿ, ಬೆರಳು ಆಡಿಸಿ. ಕೊಪ್ರಾಷ್ ಬರೆದ ಹಾರ್ನ್ ಎಟ್ಯೂಡ್‌ಗಳ (ಅಭ್ಯಾಸದ ತುಣುಕುಗಳ) ಮೊದಲ ಪುಸ್ತಕ ಸಾಕು. ವಾರದಲ್ಲಿ ಎರಡು ದಿನ ಅವನ್ನೇ ಒಂದು ಸ್ಥಾಯಿ ಕೆಳಗೆ ನುಡಿಸಿ.

ನಿಲ್ಲಿಸುವ ಗುರುತು ಇದು: ಸ್ಟಾಫ್‌ನ (ಸ್ವರ ಬರೆಯುವ ಐದು ಗೆರೆಗಳ) ಕೆಳಗಿನಿಂದ ಎರಡನೇ ಗೆರೆಯ ಜಿ ಸ್ವರವನ್ನು, ನಾಲಗೆ ತಾಗಿಸದೆ, ಬರೀ ಉಸಿರಿನಿಂದ ಅತಿ ಮೆತ್ತಗೆ ಶುರುಮಾಡಿ. ಮೊದಲು ಗಾಳಿ ಸದ್ದು ಬಂದು ನಾದ ಹಿಂದಿನಿಂದ ಬಂದರೆ ಅವತ್ತಿಗೆ ಸಾಕು. ಕ್ಯಾಂಪ್‌ನಲ್ಲೂ ಇದೇ ಪರೀಕ್ಷೆ ಮಾಡಿಕೊಳ್ಳಿ. ಮಲಗುವ ಮುಂಚೆ ಐದು ನಿಮಿಷ ಮಂದ್ರದಲ್ಲಿ ಸಡಿಲವಾಗಿ ದೀರ್ಘ ಸ್ವರಗಳನ್ನು ಊದಿ ಮುಗಿಸಿ.

ಇನ್ನೊಂದು: ಎನ್ಸೆಂಬಲ್‌ನಲ್ಲಿ ಎರಡನೇ, ನಾಲ್ಕನೇ ಪಾರ್ಟ್ (ಒಬ್ಬೊಬ್ಬ ವಾದಕರಿಗೂ ಬೇರೆ ಬರೆದ ಭಾಗ) ಕೇಳಿ ಪಡೆಯಿರಿ. ಮೇಲಿನ ಸ್ವರಗಳೆಲ್ಲ ಒಂದು, ಮೂರಕ್ಕೆ ಹೋಗುತ್ತವೆ. ಕೆಳಗಿನ ಪಾರ್ಟ್‌ಗೆ ಎಲ್ಲ ಕಡೆ ಬೇಡಿಕೆ ಇದೆ. ತುಟಿ ಉಳಿಯುತ್ತೆ, ಗುಂಪಿನ ಶ್ರುತಿ ಕೆಳಗಿನಿಂದ ಹೇಗೆ ಕಟ್ಟಿಕೊಳ್ಳುತ್ತೆ ಅನ್ನುವುದೂ ಕಿವಿಗೆ ಬೀಳುತ್ತೆ.

ಎರಡನೇಕುರ್ಚಿ:

ಮಂದ್ರಸ್ಥಾಯಿಯವರು ಹೇಳಿದ್ದು ಸರಿ, ಆದರೆ ಬರೀ ತುಟಿಗೆ ಎಂಟು ವಾರ ಕೊಟ್ಟರೆ ಸಾಲದು, ದಿನಕ್ಕೆ ಹತ್ತು ನಿಮಿಷ ಟ್ರಾನ್ಸ್‌ಪೊಸಿಶನ್‌ಗೂ (ಬೇರೆ ಶ್ರುತಿಯ ಹಾರ್ನ್‌ಗೆ ಬರೆದ ಸ್ವರಗಳನ್ನು ನಮ್ಮ ಹಾರ್ನ್‌ಗೆ ಬದಲಿಸಿ ನುಡಿಸುವುದು) ಇರಲಿ. ಆರ್ಕೆಸ್ಟ್ರಾ ಭಾಗಗಳನ್ನು ತೆಗೆದ ಕೂಡಲೇ ಹವ್ಯಾಸಿಗಳು ನಿಲ್ಲುವುದು ಅಲ್ಲೇ. ಎಫ್ ಹಾರ್ನ್ ಲೆಕ್ಕದಲ್ಲಿ, ಪಾರ್ಟ್ ಮೇಲೆ ಇ ಎಂದಿದ್ದರೆ ಅರ್ಧ ಸ್ವರ ಕೆಳಗೆ, ಇ ಫ್ಲ್ಯಾಟ್ ಆದರೆ ಒಂದು ಸ್ವರ ಕೆಳಗೆ, ಡಿ ಆದರೆ ಒಂದೂವರೆ ಸ್ವರ ಕೆಳಗೆ. ಸಿ ಇದ್ದರೆ ಎರಡೂವರೆ, ಅಂದರೆ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು ಅಂತರ ಕೆಳಗೆ. ಜಿ ಇದ್ದರೆ ಒಂದು ಸ್ವರ ಮೇಲೆ, ಎ ಇದ್ದರೆ ಎರಡು ಸ್ವರ ಮೇಲೆ. ಬ್ರಾಮ್ಸ್‌ನ ಮೊದಲ ಸಿಂಫನಿಯ ಕೊನೆಯ ಭಾಗದ ದೊಡ್ಡ ಸೋಲೋ ಸಿ ಹಾರ್ನ್‌ಗೆ ಬರೆದದ್ದು, ಬೀಥೋವನ್‌ನ ಏಳನೆಯದರ ಮೊದಲ ಭಾಗ ಎ ಹಾರ್ನ್‌ಗೆ. ಇವೆರಡನ್ನು ಪೆನ್ಸಿಲಿನಲ್ಲಿ ಸ್ವರದ ಹೆಸರು ಬರೆದುಕೊಳ್ಳದೆ ನುಡಿಸುವಷ್ಟಾದರೆ ಉಳಿದದ್ದಕ್ಕೆ ಹೆದರಬೇಕಿಲ್ಲ.

ಪಿಯಾನೋ ಜೊತೆಗೆ ಸ್ಟ್ರಾಸ್‌ನ ಮೊದಲ ಹಾರ್ನ್ ಕನ್ಚರ್ಟೋ (ಆರ್ಕೆಸ್ಟ್ರಾ ಜೊತೆ ಒಂಟಿ ವಾದ್ಯಕ್ಕೆ ಬರೆದ ಕೃತಿ) ಬೇಡ. ದಣಿದ ವಾರದ ಮಧ್ಯೆ ಅದರ ತಾರಸ್ಥಾಯಿ ಯಾರನ್ನೂ ಬಿಡುವುದಿಲ್ಲ. ಮೊಜಾರ್ಟ್‌ನ ಹಾರ್ನ್ ಕನ್ಚರ್ಟೋ ಕೆ. 447ರ (ಕೆ. ಎಂದರೆ ಅವನ ಕೃತಿಪಟ್ಟಿಯ ಸಂಖ್ಯೆ) ಎರಡನೇ ಭಾಗ, ಆ ರೊಮಾನ್ಸ್, ನಿಧಾನ ಗತಿಯದು. ಉಸಿರು, ನಾದ, ಸಾಲಿನ ಎಳೆ, ಶಿಕ್ಷಕರು ತಿದ್ದಲು ಬೇಕಾದದ್ದೆಲ್ಲ ಅದರಲ್ಲಿದೆ. ಇಲ್ಲವೇ ಡಿ ಮೇಜರ್‌ನ ಕೆ. 412. ಮೊದಲನೆಯದು ಎಂದು ಸಂಖ್ಯೆ ಇದ್ದರೂ ಅದು 1791ರ ಕೃತಿ, ಅವನ ನಾಲ್ಕು ಹಾರ್ನ್ ಕನ್ಚರ್ಟೋಗಳಲ್ಲಿ ಕೊನೆಯದು. ಮೊಜಾರ್ಟ್ ಹಾರ್ನ್ ಕನ್ಚರ್ಟೋ ಬರೆದದ್ದು ಗೆಳೆಯ ಜೋಸೆಫ್ ಲಾಯ್ಟ್‌ಗೆಬ್‌ಗಾಗಿ. ಆತ ಹುಟ್ಟಿದ್ದು 1732ರಲ್ಲಿ, ಅಷ್ಟು ಹೊತ್ತಿಗೆ ಅರವತ್ತರ ಹತ್ತಿರ. ಇದರಲ್ಲಿ ಸ್ವರಗಳ ಹರವು ಉಳಿದ ಮೂರಕ್ಕಿಂತ ಕಿರಿದು, ಲಾಯ್ಟ್‌ಗೆಬ್‌ನ ವಯಸ್ಸಿಗೆ ತಕ್ಕಂತೆ ಬರೆದದ್ದೆಂದು ವಿದ್ವಾಂಸರ ಅಭಿಪ್ರಾಯ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಪಿಯಾನೋ ಸ್ಕೋರ್ ಬಿಡಿ ಹಾಳೆಗಳಲ್ಲಿ ಬೇಡ, ಪುಟ ತಿರುವಲು ಬರುವಂತೆ ಅಂಟಿಸಿ ಕೊಡಿ.

ಚಾರ್ಲ್ಸ್‌ದಂಡೆ:

ಇಬ್ಬರಿಗೂ ತುಂಬಾ ಧನ್ಯವಾದ. ಕೆ. 412 ಇವತ್ತೇ ತೆಗೆಯುತ್ತೇನೆ. ನನ್ನ ಹಾರ್ನ್‌ನ ರೋಟರ್‌ಗಳು (ತಿರುಗುವ ವಾಲ್ವ್‌ಗಳು) ದಾರದವು, ಅಂದರೆ ಲಿವರ್ ಒತ್ತಿದಾಗ ದಾರ ಅವನ್ನು ತಿರುಗಿಸುತ್ತೆ. ಅಲ್ಲಿ ದಾರ ಕಡಿದರೆ ನಾನೇ ಕಟ್ಟಿಕೊಳ್ಳಬಹುದಾ?

ಹಿತ್ತಾಳೆಕಿವಿ:

ಖಂಡಿತ ಕಟ್ಟಬಹುದು, ಹತ್ತು ನಿಮಿಷದ ಕೆಲಸ. ಆದರೆ ಮನೆಯಲ್ಲೇ ಒಂದು ಸಲ ಬಿಚ್ಚಿ ಕಟ್ಟಿ ನೋಡಿ. ಹಳೆಯ ದಾರ ಸವೆದಿದ್ದರೆ ಹೋಗುವ ಮುಂಚೆ ನಾಲ್ಕನ್ನೂ ಬದಲಿಸಿಬಿಡಿ. ಹೆಣೆದ ಡೇಕ್ರಾನ್ ಮೀನುಗಾಳದ ದಾರ ಆಗುತ್ತೆ, ನೈಲಾನ್ ತಂತಿ ಬೇಡ, ಗಂಟು ಜಾರುತ್ತೆ. ಒಂದೊಂದಕ್ಕೆ 20 ಸೆಂ.ಮೀ. ಕತ್ತರಿಸಿಕೊಳ್ಳಿ.

ಬಿಚ್ಚುವ ಮೊದಲು ಪಕ್ಕದ ವಾಲ್ವ್‌ನ ಫೋಟೋ ತೆಗೆದಿಡಿ. ದಾರದ ಒಂದು ತುದಿಗೆ ಗಂಟು ಹಾಕಿ, ಲಿವರ್ ತೋಳಿನ ರೋಟರ್ ಹತ್ತಿರದ ತೂತಿನಲ್ಲಿ ತೂರಿಸಿ. ರೋಟರ್ ಮೇಲಿನ ಸ್ಟಾಪ್ ಆರ್ಮ್ ಹಿಂದಿನಿಂದ ಸುತ್ತಿ ತಂದು, ಅದರ ಪುಟ್ಟ ಸ್ಕ್ರೂಗೆ ಒಂದು ಸುತ್ತು ಹಾಕಿ, ಇನ್ನೊಂದು ಪಕ್ಕದಿಂದ ಹೊರತನ್ನಿ. ದಾರ 8ರ ಆಕಾರದಲ್ಲಿ ಕೂತಿರಬೇಕು. ಕೊನೆಗೆ ಲಿವರ್ ತೋಳಿನ ತುದಿಯ ಸ್ಕ್ರೂಗೆ ಎಳೆದು ಬಿಗಿ ಮಾಡಿ. ಲಿವರ್ ಎತ್ತರ ಪಕ್ಕದವುಗಳಿಗೆ ಸಮ ಆಗಬೇಕಾದರೆ ಸ್ಟಾಪ್ ಆರ್ಮ್‌ನ ಪುಟ್ಟ ಸ್ಕ್ರೂ ಸಡಿಲಿಸಿ, ಲಿವರ್ ಹಿಡಿದು ಸರಿಮಾಡಿ, ಮತ್ತೆ ಬಿಗಿ ಮಾಡಿ. ಲಿವರ್ ಒತ್ತಿದಾಗ ರೋಟರ್ ಅಲ್ಲಾಡದೆ ಗಟ್ಟಿ ನಿಂತರೆ ದಾರ ತಿರುಗುಮುರುಗು ಸುತ್ತಿದೆ ಎಂದರ್ಥ. ಸ್ಟಾಪ್ ಆರ್ಮ್‌ನ ನಡುವಿನ ದೊಡ್ಡ ಸ್ಕ್ರೂ ಮಾತ್ರ ಮುಟ್ಟಬೇಡಿ. ಅದು ಸ್ಟಾಪ್ ಆರ್ಮನ್ನು ರೋಟರ್‌ಗೆ ಹಿಡಿದಿಟ್ಟಿರುವುದು.

ಎಣ್ಣೆ ಎರಡು ಥರ ಬೇಕು. ತೆಳ್ಳಗಿನದು ರೋಟರ್ ಒಳಕ್ಕೆ, ಮಂದವಾದದ್ದು ಹೊರಗಿನ ಬೇರಿಂಗ್‌ಗೆ: ಹಿಂದಿನ ಮುಚ್ಚಳ ಬಿಚ್ಚಿ ಅಚ್ಚಿನ ಮೇಲೆ ಒಂದು ಹನಿ, ಮುಂದೆ ಸ್ಟಾಪ್ ಆರ್ಮ್ ಬುಡಕ್ಕೆ ಒಂದು ಹನಿ. ಬೇರಿಂಗ್‌ಗೂ ತೆಳ್ಳಗಿನದನ್ನೇ ಹಾಕಿದರೆ ನಾಲ್ಕು ದಿನಕ್ಕೆ ಟಕಟಕ ಶಬ್ದ ಶುರು. ಸ್ಲೈಡ್ (ಶ್ರುತಿ ಸರಿಮಾಡಲು ಒಳಹೊರಗೆ ಜಾರುವ ಕೊಳವೆ) ಎಳೆಯುವಾಗ ಅದರ ವಾಲ್ವ್ ಒತ್ತಿ ಹಿಡಿದೇ ಎಳೆಯಿರಿ. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಚಬೇಡಿ, ಲೀಡ್‌ಪೈಪ್ (ಮೌತ್‌ಪೀಸ್ ಕೂರುವ ಕೊಳವೆ) ಸೀಳುತ್ತೆ. ಎಷ್ಟೋ ಜನ ಹಾರ್ನ್‌ನವರು ಸೇರಿರುವ ಜಾಗ, ಯಾರ ಹತ್ತಿರವಾದರೂ ಪುಲ್ಲರ್ (ಅದನ್ನು ಎಳೆದು ತೆಗೆಯುವ ಸಾಧನ) ಇದ್ದೇ ಇರುತ್ತೆ.

ಕಾಡುಮಲ್ಲಿಗೆ:

ಉಳಿದ ವಿಷಯ ನಾನು ಹೇಳುತ್ತೇನೆ. ನೋಂದಣಿ ಮಾಡುವಾಗ ಬರೀ ಸಸ್ಯಾಹಾರಿ ಎಂದು ಬರೆದರೆ ಸಾಲದು. ಮೊಟ್ಟೆ ಆಗುತ್ತಾ ಇಲ್ಲವಾ, ಮೀನು ಬೇಡ, ಸೂಪಿಗೆ ಕೋಳಿ ಸಾರು ಬೇಡ ಎಂದು ಬಿಡಿಸಿ ಬರೆಯಿರಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಆದರೆ ರಾತ್ರಿ ಊದುವುದೆಲ್ಲ ಮುಗಿದ ಮೇಲೆ ತಿನ್ನಿ. ಉಪ್ಪು, ಖಾರ ತುಟಿಗೆ ಹತ್ತಿದರೆ ಮೌತ್‌ಪೀಸ್ ಕೂರುವ ಜಾಗ ಉರಿಯುತ್ತೆ, ಒಣಗುತ್ತೆ.

ಜೂನ್‌ನಲ್ಲಿ ಅಲ್ಲಿ ಸೊಳ್ಳೆ, ಬ್ಲ್ಯಾಕ್ ಫ್ಲೈ (ಕಚ್ಚುವ ಸಣ್ಣ ಕಪ್ಪು ನೊಣ), ಉಣ್ಣೆ ಹುಳ ಮೂರೂ ಇರುತ್ತವೆ. ಕೈಗೆ ಡೀಟ್ (ಕೀಟ ದೂರವಿಡುವ ರಾಸಾಯನಿಕ) ಇರುವ ಔಷಧಿ ಹಚ್ಚಬೇಡಿ, ಅದು ಪ್ಲಾಸ್ಟಿಕ್ಕನ್ನೂ ವಾರ್ನಿಷ್‌ನಂಥ ಲೇಪಗಳನ್ನೂ ಹಾಳು ಮಾಡುತ್ತೆ. ಲ್ಯಾಕರ್ (ಹೊಳಪಿನ ಲೇಪ) ಮಾಡಿದ ಹಾರ್ನ್ ಹಿಡಿಯುವವರಿಗೆ 20% ಪಿಕಾರಿಡಿನ್ ಇರುವ ಔಷಧಿ ವಾಸಿ. ಉಣ್ಣೆ ಹುಳ ಕಚ್ಚಿಕೊಂಡಿದೆಯಾ ಎಂದು ದಿನಾ ಸಂಜೆ ಮಂಡಿ ಹಿಂಭಾಗ, ಸೊಂಟದ ಪಟ್ಟಿ ನೋಡಿಕೊಳ್ಳಿ. ತುಟಿಗೆ ಬಿಸಿಲು ತಡೆಯುವ ಬಾಮ್ ಹಚ್ಚಿ, ಊದುವ ಮುಂಚೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಮೌತ್‌ಪೀಸ್ ಜಾರುತ್ತೆ.

ಬೆಟ್ಟದ ಬೆಳಗು ಜೂನ್‌ನಲ್ಲೂ ತಣ್ಣಗಿರುತ್ತೆ. ತಣ್ಣನೆಯ ಹಾರ್ನ್‌ನಲ್ಲಿ ಶ್ರುತಿ ಇಳಿದಿರುತ್ತೆ, ಮಧ್ಯಾಹ್ನದ ಸೆಕೆಗೆ ಏರುತ್ತೆ. ಬೆಳಗ್ಗೆ ಎದ್ದವರೇ ಸ್ಲೈಡ್ ಒಳಗೆ ತಳ್ಳಿ ಶ್ರುತಿ ಸರಿಮಾಡಬೇಡಿ. ಐದು ನಿಮಿಷ ಬೆಚ್ಚನೆ ಉಸಿರು ತುಂಬಿ, ಆಮೇಲೆ ನೋಡಿ.

ಐವತ್ತು ದಾಟಿದವರಿಗೆ ಇನ್ನೊಂದು. ಪುಸ್ತಕ ಓದುವ ಕನ್ನಡಕದ ದೂರ ಸುಮಾರು 40 ಸೆಂ.ಮೀ., ಮ್ಯೂಸಿಕ್ ಸ್ಟ್ಯಾಂಡ್ ಇರುವುದು 65ರಿಂದ 75ರಲ್ಲಿ. ಕುರ್ಚಿಯಲ್ಲಿ ಕೂತು ಸ್ಟ್ಯಾಂಡ್‌ವರೆಗೆ ಟೇಪಿನಲ್ಲಿ ಅಳೆದು, ಆ ದೂರಕ್ಕೇ ಒಂದು ಜೊತೆ ಮಾಡಿಸಿ. ಬೈಫೋಕಲ್ ಹಾಕಿಕೊಂಡು ಗದ್ದ ಎತ್ತಿ ನೋಡಿದರೆ ಮೌತ್‌ಪೀಸ್ ಕೋನವೇ ಬದಲಾಗಿ ತುಟಿ ಬೇಗ ಸೋಲುತ್ತೆ.

ಡಲ್ಲಾಸ್‌ಕನ್ನಡಿಗ:

ವಿಮಾನದಲ್ಲಿ ಬರುವವರಿಗೂ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ 2012ರ ಫೆಡರಲ್ ಕಾನೂನಿನ ಪ್ರಕಾರ, ಹತ್ತುವ ಹೊತ್ತಿಗೆ ಮೇಲಿನ ಕಪಾಟಿನಲ್ಲಿ ಜಾಗವಿದ್ದು ವಾದ್ಯ ಅದರಲ್ಲಿ ಹಿಡಿಸಿದರೆ ಕ್ಯಾಬಿನ್‌ಗೆ ಬಿಡಲೇಬೇಕು. ಜಾಗ ತುಂಬಿದ ಮೇಲೆ ಕಾನೂನು ಕೈ ಹಿಡಿಯುವುದಿಲ್ಲ, ಅದಕ್ಕೇ ಬೇಗ ಹತ್ತುವ ಟಿಕೆಟ್ ತೆಗೆದುಕೊಳ್ಳಿ. ಬೆಲ್ (ಹಾರ್ನ್‌ನ ಅಗಲ ಬಾಯಿ) ಬಿಚ್ಚಲು ಬರುವ ಹಾರ್ನ್ ಚಪ್ಪಟೆ ಪೆಟ್ಟಿಗೆಯಲ್ಲಿ ಸಲೀಸಾಗಿ ಹೋಗುತ್ತೆ. ಬೆಲ್ ಬಿಚ್ಚದ ಹಾರ್ನ್‌ಗೆ ಸಣ್ಣ ರೀಜನಲ್ ಜೆಟ್ ಕಷ್ಟ, ಬಾಸ್ಟನ್‌ವರೆಗೆ ದೊಡ್ಡ ವಿಮಾನ ಹಿಡಿದು ಅಲ್ಲಿಂದ ಕಾರು ಮಾಡಿ. ಎಣ್ಣೆ ಬಾಟಲಿಗಳು ಕೈಚೀಲದಲ್ಲಿದ್ದರೆ 100 ಮಿ.ಲೀ. ಮೀರಬಾರದು. ಮೌತ್‌ಪೀಸ್ ಪೆಟ್ಟಿಗೆಯಲ್ಲಿ ಬಿಡದೆ ಜೇಬಿನಲ್ಲೇ ಇರಲಿ, ಪೆಟ್ಟಿಗೆ ಬರುವುದು ತಡವಾದರೂ ಬೇರೆಯವರ ಹಾರ್ನ್‌ನಲ್ಲಿ ಊದಬಹುದು.