ಐದು ದಿನ ಅಲ್ಲ ಚಿಗವ್ವ, ಮೇ ಮುಗಿಯುವವರೆಗೂ

ಮಾರ್ಚ್ ಮೂರನೇ ವಾರ. ಬೆಳಿಗ್ಗೆ ಏಳಕ್ಕೇ ಚಿಗವ್ವ ನಮ್ಮ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ಸೂರ್ಯ ಸಮಭಾಜಕ ವೃತ್ತದ ನೇರ ಮೇಲೆ ಬಂದಿದ್ದಾನೆ. ಇನ್ನು 5 ದಿನ ಮಧ್ಯಾಹ್ನ 12ರಿಂದ 3ರವರೆಗೆ ಯಾರೂ ಹೊರಗೆ ಬರಬೇಡಿ. ಅಂಗಳದಲ್ಲಿ ಮೇಣದಬತ್ತಿ ಇಡಿ. ಕರಗಿದರೆ ಅಪಾಯ.' ಕೆಳಗೆ ಅವರದೇ ಒಂದು ಸಾಲು: 'ನಿಮ್ಮ ಕಾಕಾಗೆ ಯಾರಾದರೂ ಓದಿ ಹೇಳ್ರಪ್ಪ.'

ನನಗೆ ತಟ್ಟಿದ್ದು ಆ ಕೊನೆಯ ಸಾಲು. ರಾಯಚೂರಿನ ಹತ್ತಿರ ನಮ್ಮ ಹೊಲ ನೋಡಿಕೊಳ್ಳುವವರು ಕಾಕಾ. ಕಣದಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ದಿನವಿಡೀ ಅವರು ಅಲ್ಲೇ. ವಯಸ್ಸು ಅರವತ್ತೆರಡು, ಬಿಪಿ ಮಾತ್ರೆ ಬೇರೆ.

ಮೊದಲು ಬಂದವನು ನನ್ನ ತಮ್ಮ. 'ಇದಕ್ಕೆ ಆಧಾರ ಏನು? ಹೋದ ವರ್ಷವೂ ಇದೇ ಬಂದಿತ್ತು. ಒಂದಕ್ಷರ ಬದಲಾಗಿಲ್ಲ.'

ದೊಡ್ಡಪ್ಪನಿಗೆ ಸಿಟ್ಟು ಬಂತು. 'ಹಿರಿಯರು ಏನು ಹಾಕಿದರೂ ನಿನಗೆ ಆಧಾರ ಬೇಕು. ಮೊದಲು ನಿನ್ನ ಮಾರ್ಕ್ಸ್ ಕಾರ್ಡ್ ಹಾಕು, ನೋಡೋಣ.' ಅದರ ಹಿಂದೆಯೇ ಇನ್ನೊಂದು: 'ನಾವು ಬಿಸಿಲಲ್ಲೇ ಬೆಳೆದವರು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಿದ್ದೆವು. ಕಪ್ಪು ಮೈಗೆ ಬಿಸಿಲು ಏನು ಮಾಡುತ್ತದೆ?'

ಚಿಗವ್ವ ಸುಮ್ಮನಿರಲಿಲ್ಲ. 'ಹೌದು ಭಾವ. ಮಗಳ ಮದುವೆಯಲ್ಲಿ ಮೇ ತಿಂಗಳ ಒಂದು ಗಂಟೆ ಬಿಸಿಲಿಗೆ ಮೆರವಣಿಗೆ ತೆಗೆದಿರಿ. ಬಿದ್ದವಳು ನಾನು.'

'ಮುಹೂರ್ತ ಇಟ್ಟವರು ಬೀಗರು, ನಾನಲ್ಲ.'

ಮುಗಿಯಿತು. ಅಲ್ಲಿಂದ ಬೀಗರು, ಶಾಮಿಯಾನ, ಅವತ್ತು ಯಾರು ಓಡಿ ಬಂದರು, ಯಾರು ಊಟಕ್ಕೆ ಕೂತೇ ಇದ್ದರು. ನಲವತ್ತು ಮೆಸೇಜ್. ಅತ್ತೆಯ ಮಗ ದುಬೈನಿಂದ ನಡುವೆ ಬಂದ. 'ನೆನಪಿದೆಯಾ, ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಹಾಸಿಗೆ ಹಾಸುತ್ತಿದ್ದೆವು. ಅಜ್ಜಿ ಅಂಬಲಿಗೆ ಮಜ್ಜಿಗೆ ಕಲಸಿ ಕೊಡುತ್ತಿದ್ದಳು.' ಎಲ್ಲರೂ ಅದಕ್ಕೆ ಹೃದಯದ ಗುರುತು ಒತ್ತಿದರು. ಆಮೇಲೆ ಅವನು ಬರೆದ ಇನ್ನೊಂದು ಸಾಲನ್ನು ಯಾರೂ ಗಮನಿಸಲಿಲ್ಲ: 'ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಾನೂನು.'

ಅಲ್ಲಿ ಮೂರು ತಿಂಗಳು. ನಮ್ಮ ಫಾರ್ವರ್ಡ್‌ನಲ್ಲಿ ಐದೇ ದಿನ.

ನನಗೆ ಭಯ ಇರುವುದು ಇಲ್ಲೇ. ತಮ್ಮ ಹೇಳಿದ್ದು ಸರಿ, ಆ ಸಂದೇಶ ಸುಳ್ಳು. ಮಾರ್ಚ್ 20, 21ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿರುವುದು ಸಮಭಾಜಕದ ಊರುಗಳಿಗೆ. ರಾಯಚೂರಿನ ನೆತ್ತಿಗೆ ಅವನು ಬರುವುದು ಮೇ ಮೊದಲ ವಾರ. ಆಗ ನಡು ಮಧ್ಯಾಹ್ನ ಕಂಬ ನೆಟ್ಟರೆ ನೆರಳೇ ಬೀಳದ ದಿನ ಬರುತ್ತದೆ. ನಮ್ಮ ಕಡೆ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ಎರಡೂ ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಸುಮ್ಮನೆ ಅಲ್ಲ. 'ಐದು ದಿನ' ಎಂದು ನಂಬಿದವರು ಆರನೇ ದಿನ ಧೈರ್ಯವಾಗಿ ಹೊರಗೆ ನಿಲ್ಲುತ್ತಾರೆ. ಅಲ್ವಾ?

ಮೇಣದಬತ್ತಿಯೂ ಬೇಡ. ನಮ್ಮ ನೆರಳು ನಮಗಿಂತ ಗಿಡ್ಡ ಆಯಿತೆಂದರೆ ಬಿಸಿಲು ಚುರುಕಾಯಿತು ಎಂದೇ ಲೆಕ್ಕ. ಗಾಳಿ ಬೀಸಿ ತಂಪೆನಿಸಿದರೂ ಬಿಸಿಲಿನಲ್ಲಿ ಕಣ್ಣಿಗೆ ಕಾಣದೆ ಚರ್ಮ ಸುಡುವ ನೇರಳಾತೀತ ಕಿರಣ ಕಡಿಮೆ ಆಗುವುದಿಲ್ಲ. ಕಪ್ಪು ಮೈ ಬೇಗ ಸುಡುವುದಿಲ್ಲ, ನಿಜ. ಆದರೆ ಕಣ್ಣಿಗೆ ಆ ರಕ್ಷಣೆ ಇಲ್ಲ. ಪೊರೆ ಬರಲು ಈ ಕಿರಣವೂ ಒಂದು ಕಾರಣ. ತುಂಬು ತೋಳಿನ ಹತ್ತಿ ಅಂಗಿ, ತಲೆಗೆ ರುಮಾಲು, ಅದರ ಮೇಲೆ ಅಗಲ ಅಂಚಿನ ಟೋಪಿ ಇದ್ದರೆ ಇನ್ನೂ ಒಳ್ಳೆಯದು.

ಬಿಸಿಲ ಝಳ ಬೇರೆಯೇ ಮಾತು. ಚಿಗವ್ವ ಬಿದ್ದ ದಿನ ಎಚ್ಚರ ಇಲ್ಲದವರ ಬಾಯಿಗೆ ಶರಬತ್ತು ಸುರಿದೆವು. ನಾನೂ ಲೋಟ ಹಿಡಿದಿದ್ದೆ. ಅದು ಉಸಿರಿನ ದಾರಿಗೆ ಹೋಗಬಹುದಿತ್ತು. ಮೈ ಕಾದು ಮಾತು ತೊದಲಿದರೆ ನೆರಳಿಗೆ ಒಯ್ಯಬೇಕು, ಮೈಮೇಲೆ ನೀರು ಹಾಕಿ ಗಾಳಿ ಬೀಸಬೇಕು, 108ಕ್ಕೆ ಕರೆ ಮಾಡಬೇಕು. ಯಾರು ಓಡಿ ಬಂದರು ಎನ್ನುವ ಜಗಳದಲ್ಲಿ ಇದನ್ನು ಒಬ್ಬರೂ ಹೇಳಲಿಲ್ಲ.

ಗುಂಪಿನಲ್ಲಿ ಬರೆಯದೆ ಕಾಕಾಗೇ ಫೋನ್ ಮಾಡಿದೆ.

'ಕಾಯಿ ಒಣಗಬೇಕಲ್ಲವ್ವಾ, ಬಿಸಿಲು ಬೇಕು' ಎಂದರು.

'ಕಾಯಿಗೆ ಬೇಕು ಕಾಕಾ. ನೀವು ಯಾಕೆ ನಿಲ್ಲಬೇಕು?'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಪ್ಪಿದರು. ಕಾಯಿ ತಿರುವಿ ಹಾಕುವುದು ಹತ್ತರೊಳಗೆ ಒಮ್ಮೆ, ನಾಲ್ಕರ ಮೇಲೆ ಒಮ್ಮೆ. ನಡುವೆ ಬೇವಿನ ಮರದ ಕೆಳಗೆ. ಕೆಲವು ಬಿಪಿ ಮಾತ್ರೆ ಮೈಯ ನೀರನ್ನು ಹೊರಗೆ ಹಾಕುತ್ತವೆ. ತಮ್ಮದು ಯಾವುದು ಎಂದು ಡಾಕ್ಟರನ್ನು ಕೇಳುತ್ತೇನೆ ಎಂದೂ ಹೇಳಿದರು.

ಇವತ್ತು ಹನ್ನೆರಡೂವರೆಗೆ ಮತ್ತೆ ಫೋನ್ ಮಾಡಿದೆ. ಮರದ ಕೆಳಗೇ ಇದ್ದರು. ನಾಳೆಯೂ ಮಾಡುತ್ತೇನೆ.